ಮಂಗಳೂರಿನಲ್ಲಿ ಬೀದಿಬೆಕ್ಕುಗಳ ಪಾಲನೆ ಮತ್ತು ದತ್ತು

ಬೀದಿಯಲ್ಲಿ, ಮಾರುಕಟ್ಟೆಯಲ್ಲಿ, ಬಂದರಿನಲ್ಲಿ ದಿಕ್ಕಿಲ್ಲದೆ ಸಿಕ್ಕ ಬೆಕ್ಕನ್ನೋ ಮರಿಯನ್ನೋ ತಂದು ಆರೈಕೆ ಮಾಡಿ, ಕಾಯಂ ಮನೆಯೊಂದಕ್ಕೆ ಒಪ್ಪಿಸುವುದನ್ನು ಬೆಕ್ಕುಗಳ ದತ್ತು ಎನ್ನುತ್ತಾರೆ. ಕಾಯಂ ಮನೆ ಸಿಗುವವರೆಗೆ ಬೇರೊಂದು ಮನೆಯಲ್ಲಿ ನಡೆಯುವ ಸಾಕಣೆ ತಾತ್ಕಾಲಿಕ ಪಾಲನೆ. ಪ್ರಾಣಿಪ್ರಿಯರ ಮಾತಿನಲ್ಲಿ ಅದು ‘ಫಾಸ್ಟರ್’. ರಕ್ಷಣೆ, ಪಾಲನೆ, ಸಂತಾನಹರಣ ಶಸ್ತ್ರಚಿಕಿತ್ಸೆ, ದತ್ತು ಎಂಬ ನಾಲ್ಕು ಹಂತಗಳೂ ಸರಿಯಾಗಿ ನಡೆದಾಗಲೇ ಈ ಕೆಲಸ ಫಲ ಕೊಡುತ್ತದೆ. ಮಂಗಳೂರಿನ ಮಳೆ, ಮೀನುಗಾರಿಕೆ, ಹೆಂಚಿನ ಮನೆಗಳು, ತೆರೆದ ಬಾವಿಗಳು, ಹೊಸದಾಗಿ ಎದ್ದ ಬಹುಮಹಡಿ ವಸತಿಗಳು ಇಲ್ಲಿನ ಬೆಕ್ಕುಗಳ ಬದುಕನ್ನೂ ಅವುಗಳ ರಕ್ಷಣೆಯ ಕ್ರಮವನ್ನೂ ಬಹುಮಟ್ಟಿಗೆ ರೂಪಿಸಿವೆ.

ಹಿನ್ನೆಲೆ

ಸಾಕುಬೆಕ್ಕಿನ ವೈಜ್ಞಾನಿಕ ಹೆಸರು ಫೆಲಿಸ್ ಕ್ಯಾಟಸ್. ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕು ಫೆಲಿಸ್ ಲಿಬಿಕಾ ಇದರ ಮೂಲ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂಳಿದ್ದ ಸುಮಾರು 9,500 ವರ್ಷ ಹಳೆಯ ಸಮಾಧಿ ದೊರೆತಿದೆ. ಕಾಳಿನ ಕಣಜಕ್ಕೆ ಬರುವ ಇಲಿಗಳನ್ನು ಹಿಡಿಯುತ್ತ ಬೆಕ್ಕು ಮನುಷ್ಯನ ನೆರೆಗೆ ಬಂತು. ಬೇಟೆಯ ಗುಣವನ್ನು ಅದು ಇಂದಿಗೂ ಬಿಟ್ಟಿಲ್ಲ, ಮನೆ ತಪ್ಪಿದರೂ ಬದುಕಲು ಹೆಣಗುತ್ತದೆ. ಆದರೆ ನಗರದ ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ಬಹಳಷ್ಟು ರೋಗ, ಹಸಿವು, ವಾಹನ, ನಾಯಿಗಳ ದಾಳಿಗಳಿಂದ ಎಳವೆಯಲ್ಲೇ ಸಾಯುತ್ತವೆ.

ದಿಕ್ಕಿಲ್ಲದ ಪ್ರಾಣಿಗಳಿಗೆ ಸಂಘಟಿತ ಆಶ್ರಯ ಕೊಡುವ ಪದ್ಧತಿ 19ನೇ ಶತಮಾನದ್ದು. ಲಂಡನ್ನಿನಲ್ಲಿ 1860ರಲ್ಲಿ ಮೇರಿ ಟೀಲ್ಬಿ ನಾಯಿಗಳಿಗಾಗಿ ತೆರೆದ ಆಶ್ರಯತಾಣ ಮುಂದೆ ಬ್ಯಾಟರ್ಸಿಗೆ ಸ್ಥಳಾಂತರಗೊಂಡು, 1883ರಿಂದ ಬೆಕ್ಕುಗಳನ್ನೂ ಸೇರಿಸಿಕೊಳ್ಳತೊಡಗಿತು. ಭಾರತದಲ್ಲಿ 1861ರಲ್ಲಿ ಕಲ್ಕತ್ತೆಯಲ್ಲಿ ಪ್ರಾಣಿಹಿಂಸೆ ತಡೆ ಸಂಘ, 1959ರಲ್ಲಿ ಮದರಾಸಿನಲ್ಲಿ ಬ್ಲೂ ಕ್ರಾಸ್, 1991ರಲ್ಲಿ ಬೆಂಗಳೂರಿನಲ್ಲಿ ‘ಕ್ಯುಪಾ’ ಎಂಬ ಪ್ರಾಣಿರಕ್ಷಣಾ ಸಂಸ್ಥೆಗಳು ಆರಂಭವಾದವು. ಮಂಗಳೂರಿನಲ್ಲಿ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಗಾಯಗೊಂಡ ಮತ್ತು ಅನಾಥ ಪ್ರಾಣಿಗಳ ಆಶ್ರಯ, ಚಿಕಿತ್ಸೆ, ಸಂತಾನಹರಣ ಮತ್ತು ದತ್ತಿನ ಕೆಲಸ ಮಾಡುತ್ತಿದೆ. ಇಂಥ ಸಂಸ್ಥೆಗಳ ಜೊತೆಗೆ ತಮ್ಮ ತಮ್ಮ ಓಣಿಗಳಲ್ಲಿ ಬೆಕ್ಕುಗಳಿಗೆ ಊಟ ಹಾಕುವವರು, ಮರಿಗಳನ್ನು ಮನೆಯಲ್ಲಿಟ್ಟು ಸಾಕಿ ಕೊಡುವ ಗೃಹಸ್ಥರು, ವಿದ್ಯಾರ್ಥಿಗಳು ಈ ಕೆಲಸದ ಬಹುಪಾಲನ್ನು ಹೊತ್ತಿದ್ದಾರೆ.

ನಗರದ ಪರಿಸರ

ಬಂದರಿನ ದಕ್ಕೆ, ಮೀನು ಮಾರುಕಟ್ಟೆಗಳು, ಹೋಟೆಲುಗಳ ಹಿತ್ತಿಲು ಮಂಗಳೂರಿನ ಬೆಕ್ಕುಗಳ ಮುಖ್ಯ ನೆಲೆಗಳು. ಬೂತಾಯಿ, ಬಂಗುಡೆಗಳ ತಲೆ ಮತ್ತು ಕರುಳು ಸುಲಭವಾಗಿ ಸಿಗುವ ಕಡೆ ಬೆಕ್ಕುಗಳ ಗುಂಪು ಬೆಳೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ದಕ್ಕೆಯಲ್ಲಿ ಆಹಾರ ಇಳಿಮುಖವಾಗುತ್ತದೆ. ಬಿರುಮಳೆಯೂ ಅದೇ ಹೊತ್ತಿಗೆ ಬರುತ್ತದೆ. ಚರಂಡಿ, ಮೋರಿ, ಅಂಗಡಿ ಕಟ್ಟೆಯ ಕೆಳಗಿನ ಸಂದುಗಳಲ್ಲಿ ಹಾಕಿದ ಮರಿಗಳಿಗೆ ಈ ಎರಡು ತಿಂಗಳು ಅತಿ ಕಷ್ಟದ ಕಾಲ.

ಹಳೆಯ ಹೆಂಚಿನ ಮನೆಗಳ ಅಟ್ಟ, ಸೌದೆ ಕೊಟ್ಟಿಗೆ, ತೆಂಗಿನ ಗರಿಯ ರಾಶಿ ತಾಯಿ ಬೆಕ್ಕಿಗೆ ಇಷ್ಟದ ಹೆರಿಗೆಯ ತಾಣಗಳು. ಅಂಥ ಮನೆಗಳು ಕಡಿಮೆಯಾಗಿ ಕದ್ರಿ, ಬಿಜೈ, ಕಂಕನಾಡಿಯಂಥ ಭಾಗಗಳಲ್ಲಿ ವಸತಿ ಸಮುಚ್ಚಯಗಳು ಎದ್ದ ಮೇಲೆ ನೆಲಮಹಡಿಯ ವಾಹನ ನಿಲ್ದಾಣ, ಜನರೇಟರ್ ಕೋಣೆಗಳು ಆ ಸ್ಥಾನಕ್ಕೆ ಬಂದಿವೆ. ಮಳೆ–ಚಳಿಯಲ್ಲಿ ಬೆಚ್ಚಗಿನ ಎಂಜಿನ್ನಿನೊಳಗೆ ಮರಿ ಸೇರಿಕೊಳ್ಳುವುದುಂಟು. ಗಾಡಿ ಶುರು ಮಾಡುವ ಮುನ್ನ ಬಾನೆಟ್ಟಿನ ಮೇಲೆ ತಟ್ಟಿದರೆ ಒಂದು ಜೀವ ಉಳಿಯಬಹುದು. ಕಟ್ಟೆ ತಗ್ಗಿದ ತೆರೆದ ಬಾವಿಗಳು ಇನ್ನೊಂದು ಅಪಾಯ. ಬಾವಿಗೆ ಬಲೆ ಹಾಸಿದರೆ ಬೆಕ್ಕಿಗೂ ಮಕ್ಕಳಿಗೂ ರಕ್ಷಣೆ ದೊರೆಯುತ್ತದೆ. ಬಿದ್ದ ಪ್ರಾಣಿಯನ್ನು ಎತ್ತಲು ಅನುಭವವಿಲ್ಲದವರು ಇಳಿಯಬಾರದು. ಹಗ್ಗ ಕಟ್ಟಿದ ಬುಟ್ಟಿಯನ್ನು ಇಳಿಬಿಟ್ಟು, ಅಗ್ನಿಶಾಮಕ ದಳದ ಅಥವಾ ಅನುಭವಿ ರಕ್ಷಕರ ನೆರವು ಕೇಳುವುದು ಸರಿಯಾದ ಕ್ರಮ.

ಸಂತಾನ ಹೆಚ್ಚುವ ಬಗೆ

ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಲ್ಲದು. ಗರ್ಭಾವಧಿ ಸುಮಾರು 63ರಿಂದ 65 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ಮೂರರಿಂದ ಐದು ಮರಿ. ಬೆದೆಯನ್ನು ನಿಯಂತ್ರಿಸುವುದು ಹಗಲಿನ ಉದ್ದ. ಶೀತ ದೇಶಗಳಲ್ಲಿ ಚಳಿಗಾಲದ ಕಿರುಹಗಲು ಬೆದೆಗೆ ತಡೆ ಹಾಕುತ್ತದೆ. ಸಮಭಾಜಕಕ್ಕೆ ಹತ್ತಿರವಿರುವ ಮಂಗಳೂರಿನಲ್ಲಿ ಹಗಲಿನ ಉದ್ದ ವರ್ಷವಿಡೀ ಹೆಚ್ಚು ಬದಲಾಗದ ಕಾರಣ ಅಂಥ ದೀರ್ಘ ಬಿಡುವು ಇಲ್ಲ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗರ್ಭ ಧರಿಸಬಲ್ಲದು. ಆದ್ದರಿಂದ ಎಷ್ಟು ಮರಿಗಳನ್ನು ದತ್ತು ಕೊಟ್ಟರೂ ತಾಯಿಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಅದೇ ಓಣಿಯಲ್ಲಿ ಕೆಲವೇ ತಿಂಗಳಲ್ಲಿ ಮತ್ತೊಂದು ಸೂಲು ಕಾಣಿಸಿಕೊಳ್ಳುತ್ತದೆ.

ಮರಿ ಕಂಡಾಗ ಮಾಡಬೇಕಾದದ್ದು

ಒಂಟಿಯಾಗಿ ಕಂಡ ಮರಿಯೆಲ್ಲ ಅನಾಥವಲ್ಲ. ತಾಯಿ ಬೇಟೆಗೆ ಹೋಗಿರಬಹುದು, ಅಥವಾ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತಿರಬಹುದು. ಮರಿಗಳು ಹೊಟ್ಟೆ ತುಂಬಿ, ಬೆಚ್ಚಗೆ, ಸದ್ದಿಲ್ಲದೆ ಮಲಗಿದ್ದರೆ ದೂರ ನಿಂತು ಕೆಲವು ಗಂಟೆ ಕಾದು ನೋಡಬೇಕು. ಮಳೆನೀರು ನುಗ್ಗುವ ಜಾಗವಾದರೆ ಹತ್ತಿರದ ಒಣ ಮೂಲೆಗೆ ಸರಿಸಿದರೆ ಸಾಕು; ಮನುಷ್ಯರು ಮುಟ್ಟಿದರೆಂದು ತಾಯಿ ಮರಿಯನ್ನು ತೊರೆಯುವುದಿಲ್ಲ. ಮೈ ತಣ್ಣಗಾಗಿ ನಿಲ್ಲದೆ ಅಳುವ, ಗಾಯಗೊಂಡ, ಕಣ್ಣು ಅಂಟಿಕೊಂಡ, ಇರುವೆ ಮುತ್ತಿದ ಮರಿಗಳಿಗೆ ತಕ್ಷಣ ನೆರವು ಬೇಕು. ಸಾಧ್ಯವಾದಾಗಲೆಲ್ಲ ತಾಯಿಯನ್ನೂ ಮರಿಗಳನ್ನೂ ಒಟ್ಟಿಗೇ ತರುವುದು ಉತ್ತಮ.

ನಗರದ ಅಂಚಿನ ತೋಟ, ಗುಡ್ಡಗಳಲ್ಲಿ, ಒಮ್ಮೊಮ್ಮೆ ಮನೆಯ ಮಾಡಿನಲ್ಲೇ ಪುನುಗು ಬೆಕ್ಕಿನ ಮರಿಗಳು ಸಿಗುವುದುಂಟು. ಚೂಪು ಮೂತಿ, ಉದ್ದ ದೇಹ, ಮಾಸಲು ಬಣ್ಣದ ಈ ಪ್ರಾಣಿ ಬೆಕ್ಕಿನ ಜಾತಿಗೆ ಸೇರಿದ್ದಲ್ಲ. ಪುನುಗು, ಕಾಡುಬೆಕ್ಕು, ಚಿರತೆ ಬೆಕ್ಕುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಪಡೆದಿವೆ. ಅವನ್ನು ಮನೆಯಲ್ಲಿ ಸಾಕುವುದು ಅಪರಾಧ. ಅನುಮಾನ ಬಂದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ತಾತ್ಕಾಲಿಕ ಪಾಲನೆ

ಹಲವು ಪ್ರಾಣಿಗಳು ಒಂದೆಡೆ ಸೇರುವ ಆಶ್ರಯತಾಣದಲ್ಲಿ ಸೋಂಕು ಬೇಗ ಹರಡುತ್ತದೆ. ಲಸಿಕೆ ಆಗದ ಮರಿಗಳಿಗೆ ಅಲ್ಲಿ ಅಪಾಯ ಹೆಚ್ಚು. ಒಂದು ಸೂಲಿನ ಮರಿಗಳು ಒಂದೇ ಮನೆಯಲ್ಲಿದ್ದರೆ ಸೋಂಕೂ ಕಡಿಮೆ, ಮನುಷ್ಯರ ಒಡನಾಟವೂ ಸಿಗುತ್ತದೆ. ಹೀಗಾಗಿ ಮರಿಗಳ ಮಟ್ಟಿಗೆ ಪಾಲನೆಯ ಮನೆಯೇ ಶ್ರೇಷ್ಠ ಆಶ್ರಯ. ಇದಕ್ಕೆ ದೊಡ್ಡ ಮನೆ ಬೇಕಿಲ್ಲ. ಬಾಗಿಲು ಮುಚ್ಚಬಹುದಾದ ಒಂದು ಕೋಣೆ ಅಥವಾ ಬಚ್ಚಲುಮನೆ, ಹಳೆಯ ಬಟ್ಟೆ, ರಟ್ಟಿನ ಪೆಟ್ಟಿಗೆ, ಮಲಕ್ಕೆ ಮರಳಿನ ತಟ್ಟೆ, ಸಣ್ಣ ತಕ್ಕಡಿ ಇದ್ದರೆ ಸಾಕು.

ಮರಿಯ ವಯಸ್ಸನ್ನು ಗುರುತಿಸುವುದು ಮೊದಲ ಕೆಲಸ. ಹುಟ್ಟಿದಾಗ ತೂಕ ಸುಮಾರು 100 ಗ್ರಾಂ. 7ರಿಂದ 14 ದಿನದೊಳಗೆ ಕಣ್ಣು ತೆರೆಯುತ್ತದೆ. ಮೂರನೆಯ ವಾರದಲ್ಲಿ ಮುಂಗಡೆಯ ಪುಟ್ಟ ಹಲ್ಲುಗಳು ಮೂಡಿ, ಮರಿ ತಡವರಿಸುತ್ತ ನಡೆಯುತ್ತದೆ. ನಾಲ್ಕನೆಯ ವಾರದಿಂದ ಮೆತ್ತನೆಯ ಆಹಾರ ಆರಂಭಿಸಬಹುದು. ಎಂಟನೆಯ ವಾರಕ್ಕೆ ಅದು ಹಾಲು ಬಿಟ್ಟು ಸ್ವತಂತ್ರವಾಗಿ ತಿನ್ನುತ್ತದೆ. ದಿನಕ್ಕೆ 10ರಿಂದ 15 ಗ್ರಾಂ ತೂಕ ಏರುತ್ತಿದ್ದರೆ ಬೆಳವಣಿಗೆ ಸರಿಯಾಗಿದೆ. ತೂಕ ನಿಂತರೆ ಅಥವಾ ಇಳಿದರೆ ಅದೇ ರೋಗದ ಮೊದಲ ಸೂಚನೆ.

ತಾಯಿಯಿಲ್ಲದ ಎಳೆಯ ಮರಿಗೆ ಮೊದಲು ಶಾಖ, ಆಮೇಲೆ ಹಾಲು. ತಣ್ಣಗಾದ ಮರಿಯ ಜೀರ್ಣಕ್ರಿಯೆ ನಡೆಯುವುದಿಲ್ಲ. ಆಗ ಹಾಲು ಹಾಕಿದರೆ ಸಾಯಬಹುದು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪೆಟ್ಟಿಗೆಯ ಒಂದು ಬದಿಗೆ ಇಟ್ಟು, ಇನ್ನೊಂದು ಬದಿಯನ್ನು ಹಾಗೆಯೇ ಬಿಟ್ಟರೆ ಮರಿ ತನಗೆ ಬೇಕಾದ ಕಡೆಗೆ ಸರಿದುಕೊಳ್ಳುತ್ತದೆ. ಹಸುವಿನ ಹಾಲು ಭೇದಿ ತರುತ್ತದೆ, ಪೋಷಕಾಂಶವೂ ಸಾಲದು. ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನು ಮೊದಲ ವಾರಗಳಲ್ಲಿ ಎರಡು–ಮೂರು ಗಂಟೆಗೊಮ್ಮೆ, ರಾತ್ರಿಯೂ ಕೊಡಬೇಕು. ಮರಿಯನ್ನು ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ; ತಾಯಿಯ ಮೊಲೆ ಕುಡಿಯುವಂತೆ ಹೊಟ್ಟೆಯ ಮೇಲೆ ಇರಿಸಿಯೇ ಕುಡಿಸಬೇಕು. ಮೂರು ವಾರದೊಳಗಿನ ಮರಿ ತಾನಾಗಿ ಮಲಮೂತ್ರ ಮಾಡದು. ಪ್ರತಿ ಸಲ ಹಾಲಿನ ಬಳಿಕ ಒದ್ದೆ ಹತ್ತಿಯಿಂದ ಮೃದುವಾಗಿ ಒರೆಸಿ ಮಾಡಿಸಬೇಕು.

ಎರಡರಿಂದ ಏಳು ವಾರದ ನಡುವಿನ ಕಾಲ ಮರಿಯ ಸ್ವಭಾವವನ್ನು ನಿರ್ಧರಿಸುತ್ತದೆ. ಈ ಅವಧಿಯಲ್ಲಿ ಮನುಷ್ಯರ ಕೈ, ಮಕ್ಕಳ ಸದ್ದು, ಮಿಕ್ಸಿಯ ಶಬ್ದ ಪರಿಚಯವಾದ ಮರಿ ಮುಂದೆ ಹೆದರದೆ ಬಾಳುತ್ತದೆ. ಮನುಷ್ಯರನ್ನೇ ಅರಿಯದೆ ಬೆಳೆದ ದೊಡ್ಡ ಬೆಕ್ಕನ್ನು ಮನೆಯೊಳಗೆ ಕೂಡಿಹಾಕುವುದು ಅದಕ್ಕೆ ಹಿಂಸೆ. ಅಂಥದಕ್ಕೆ ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿ ಹಿಂದಿನ ಜಾಗದಲ್ಲೇ ಬಿಟ್ಟು, ಊಟ ಹಾಕಿ ನೋಡಿಕೊಳ್ಳುವುದು ಒಳಿತು.

ರೋಗಗಳು ಮತ್ತು ಲಸಿಕೆ

ಹೊಸದಾಗಿ ತಂದ ಬೆಕ್ಕನ್ನು ಮನೆಯ ಇತರ ಬೆಕ್ಕುಗಳಿಂದ ಎರಡು ವಾರ ಬೇರೆಯಾಗಿ ಇಡಬೇಕು. ಅತಿ ಭೀಕರ ರೋಗ ಪ್ಯಾನ್‌ಲ್ಯೂಕೋಪೀನಿಯಾ. ವಾಂತಿ, ಭೇದಿ, ಜ್ವರ, ಊಟ ಬಿಡುವುದು ಇದರ ಲಕ್ಷಣ. ಲಸಿಕೆಯಿಲ್ಲದ ಮರಿಗಳಲ್ಲಿ ಬಹಳಷ್ಟು ಉಳಿಯುವುದಿಲ್ಲ. 2025ರ ಆರಂಭದಲ್ಲಿ ರಾಯಚೂರು ಜಿಲ್ಲೆಯಲ್ಲಿ ಈ ರೋಗದಿಂದ ಅನೇಕ ಬೆಕ್ಕುಗಳು ಸತ್ತವು. ಇದರ ವೈರಸ್ ನೆಲ, ಬಟ್ಟೆ, ಪಾತ್ರೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆಲ್ಕೋಹಾಲಿನ ಸ್ಯಾನಿಟೈಸರ್ ಇದನ್ನು ಕೊಲ್ಲದು, ಬ್ಲೀಚ್ ದ್ರಾವಣ ಬೇಕು. ರೋಗದಿಂದ ಮರಿ ಸತ್ತ ಮನೆಗೆ ಲಸಿಕೆಯಾಗದ ಇನ್ನೊಂದು ಮರಿಯನ್ನು ಬೇಗನೆ ತರಬಾರದು.

ಕಣ್ಣು–ಮೂಗು ಸೋರುವ ಬೆಕ್ಕಿನ ಶೀತಜ್ವರ, ಹುಳುಕಡ್ಡಿ, ಚಿಗಟ, ಕರುಳಿನ ಜಂತು ಮಳೆಗಾಲದ ತೇವದಲ್ಲಿ ಸಾಮಾನ್ಯ. ಪ್ಯಾನ್‌ಲ್ಯೂಕೋಪೀನಿಯಾ ಮತ್ತು ಶೀತಜ್ವರದ ಎರಡು ವೈರಸ್‌ಗಳ ವಿರುದ್ಧ ಒಂದೇ ಸಂಯುಕ್ತ ಲಸಿಕೆಯಿದೆ. ಎಂಟು ವಾರಕ್ಕೆ ಆರಂಭಿಸಿ 16 ವಾರ ತುಂಬುವವರೆಗೆ ಮೂರು–ನಾಲ್ಕು ವಾರಗಳ ಅಂತರದಲ್ಲಿ ಹಾಕಿಸಬೇಕು. ರೇಬಿಸ್ ಲಸಿಕೆ 12 ವಾರದ ಬಳಿಕ. ಮನೆಯ ಔಷಧಿ ಪ್ರಯೋಗ ಬೇಡ. ಮನುಷ್ಯರಿಗೆ ಕೊಡುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಕ ವಿಷ. ನಾಯಿಯ ಚಿಗಟಕ್ಕೆ ಬಳಸುವ ಪರ್ಮೆಥ್ರಿನ್ ದ್ರಾವಣವೂ ಬೆಕ್ಕನ್ನು ಕೊಲ್ಲಬಲ್ಲದು.

ಸಂತಾನಹರಣ ಶಸ್ತ್ರಚಿಕಿತ್ಸೆ

ಹೆಣ್ಣಿನಲ್ಲಿ ಅಂಡಾಶಯ ಮತ್ತು ಗರ್ಭಕೋಶವನ್ನು, ಗಂಡಿನಲ್ಲಿ ವೃಷಣಗಳನ್ನು ಅರಿವಳಿಕೆ ಕೊಟ್ಟು ತೆಗೆಯುತ್ತಾರೆ. ಐದು ತಿಂಗಳು ತುಂಬುವುದರೊಳಗೆ, ಮೊದಲ ಗರ್ಭಕ್ಕೂ ಮುಂಚೆ ಇದನ್ನು ಮಾಡಿಸುವುದು ಸೂಕ್ತ. ಒಂದು ಸಲವಾದರೂ ಮರಿ ಹಾಕಲಿ ಎಂಬ ನಂಬಿಕೆಗೆ ವೈದ್ಯಕೀಯ ಆಧಾರವಿಲ್ಲ. ಬೇಗ ಶಸ್ತ್ರಚಿಕಿತ್ಸೆಯಾದ ಹೆಣ್ಣಿಗೆ ಗರ್ಭಕೋಶದ ಕೀವು ಬರುವುದಿಲ್ಲ, ಕೆಚ್ಚಲಿನ ಗಡ್ಡೆಯ ಭಯ ಬಹಳ ಕಡಿಮೆ. ಗಂಡು ಬೆಕ್ಕು ಊರು ಸುತ್ತುವುದು, ಕಾದಾಡುವುದು, ಗೋಡೆಗೆ ಮೂತ್ರ ಸಿಡಿಸುವುದು ಕಡಿಮೆಯಾಗುತ್ತದೆ. ಬೀದಿಯ ಬೆಕ್ಕಾದರೆ ಅರಿವಳಿಕೆಯಲ್ಲಿರುವಾಗಲೇ ಒಂದು ಕಿವಿಯ ತುದಿಯನ್ನು ಚೂರು ಕತ್ತರಿಸುತ್ತಾರೆ. ದೂರದಿಂದಲೇ ಗುರುತು ಸಿಗುವುದರಿಂದ ಅದನ್ನು ಮತ್ತೊಮ್ಮೆ ಹಿಡಿಯುವ ಪ್ರಮೇಯ ಬರುವುದಿಲ್ಲ.

ದತ್ತಿನ ಕ್ರಮ

ಎಂಟು ವಾರ ತುಂಬಿ, ಜಂತುಹುಳಕ್ಕೆ ಔಷಧಿ ಮತ್ತು ಮೊದಲ ಲಸಿಕೆ ಆದ ಮೇಲೆ ಮರಿಯನ್ನು ದತ್ತು ಕೊಡಬಹುದು. ಪಾಲಕರು ಮೊದಲು ಮಾತಿನಲ್ಲಿ ವಿಚಾರಿಸುತ್ತಾರೆ: ಮನೆಯವರೆಲ್ಲ ಒಪ್ಪಿದ್ದಾರೆಯೆ, ಬಾಡಿಗೆ ಮನೆಯಾದರೆ ಮಾಲೀಕರ ಸಮ್ಮತಿಯಿದೆಯೆ, ಬಾಲ್ಕನಿಗೆ ಬಲೆಯಿದೆಯೆ, ರಜೆಗೆ ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು, ಮೀನು–ಮಾಂಸ ಒಲ್ಲದ ಮನೆಯಾದರೆ ಬೆಕ್ಕಿನ ಆಹಾರಕ್ಕೆ ಏನು ವ್ಯವಸ್ಥೆ. ಸಾಧ್ಯವಾದರೆ ಮನೆಯನ್ನು ನೋಡಿ ಬರುತ್ತಾರೆ. ಬಳಿಕ ಒಪ್ಪಂದದ ಪತ್ರಕ್ಕೆ ಸಹಿ, ಗುರುತಿನ ದಾಖಲೆ, ಲಸಿಕೆಯ ಪುಸ್ತಕದ ಹಸ್ತಾಂತರ ನಡೆಯುತ್ತದೆ. ನಿಗದಿತ ವಯಸ್ಸಿಗೆ ಸಂತಾನಹರಣ ಮಾಡಿಸುವುದು, ಸಾಕಲಾಗದಿದ್ದರೆ ಬೀದಿಗೆ ಬಿಡದೆ ಹಿಂದಿರುಗಿಸುವುದು ಆ ಪತ್ರದ ಎರಡು ಮುಖ್ಯ ಷರತ್ತುಗಳು.

ಮಂಗಳೂರು ವಿದ್ಯಾರ್ಥಿಗಳ ಊರು, ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರ ಊರೂ ಹೌದು. ಮನೆಯೊಳಗೆ ಬಾಳುವ ಬೆಕ್ಕು 12ರಿಂದ 15 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುತ್ತದೆ. ಕಾಲೇಜಿನ ಓದು ಅದಕ್ಕಿಂತ ಬಹಳ ಮುಂಚೆ ಮುಗಿಯುತ್ತದೆ. ಪಿಜಿ, ಬಾಡಿಗೆ ಕೋಣೆಗಳಲ್ಲಿರುವ ವಿದ್ಯಾರ್ಥಿಗಳಿಗೆ ಕಾಯಂ ದತ್ತಿಗಿಂತ ಕೆಲವು ವಾರಗಳ ಪಾಲನೆ ಹೆಚ್ಚು ಹೊಂದುತ್ತದೆ. ವಿದೇಶಕ್ಕೆ ಹೊರಟವರು ಮೈಕ್ರೋಚಿಪ್, ರೇಬಿಸ್ ಲಸಿಕೆ, ಆರೋಗ್ಯ ಪ್ರಮಾಣಪತ್ರಗಳನ್ನು ಮೊದಲೇ ಸಿದ್ಧಪಡಿಸಿ ಬೆಕ್ಕನ್ನು ಒಯ್ಯಬಹುದು. ಆಗದಿದ್ದರೆ ಹೊರಡುವ ಎಷ್ಟೋ ಮುನ್ನ ಹೊಸ ಮನೆ ಹುಡುಕಬೇಕು.

ಬೆಕ್ಕು ಅಡ್ಡ ಬಂದರೆ ಅಪಶಕುನವೆಂಬ ನಂಬಿಕೆಯಿಂದ ಕಪ್ಪು ಮರಿಗಳನ್ನು ಕೇಳುವವರು ಕಡಿಮೆ. ಕಣ್ಣು ಕಳೆದುಕೊಂಡವು, ಮೂರು ಕಾಲಿನವು, ವಯಸ್ಸಾದವು ಇನ್ನೂ ಹೆಚ್ಚು ಕಾಯಬೇಕಾಗುತ್ತದೆ. ಆದರೆ ದೊಡ್ಡ ಬೆಕ್ಕಿನ ಸ್ವಭಾವ ಮೊದಲೇ ಗೊತ್ತಿರುತ್ತದೆ, ಮರಿಯ ತುಂಟಾಟ ಇರುವುದಿಲ್ಲ. ಹಿರಿಯರಿರುವ ಮನೆಗೆ ಅದೇ ಹೊಂದುತ್ತದೆ. ಹಗಲು ಯಾರೂ ಇರದ ಮನೆಗೆ ಒಂಟಿ ಮರಿಗಿಂತ ಜೋಡಿ ಮರಿ ಲೇಸು.

ಹೊಸ ಮನೆ, ಆಹಾರ

ಹೊಸ ಮನೆಗೆ ಬಂದ ಬೆಕ್ಕು ಕೆಲವು ದಿನ ಮಂಚದಡಿ ಅವಿತಿರುವುದು ಸಹಜ. ಮೊದಲು ಒಂದೇ ಕೋಣೆಯಲ್ಲಿ ಇಟ್ಟು ಮೆಲ್ಲಗೆ ಮನೆಯ ಪರಿಚಯ ಮಾಡಿಸಬೇಕು. ಬಹುಮಹಡಿ ಮನೆಗಳಲ್ಲಿ ಕಿಟಕಿ, ಬಾಲ್ಕನಿಗಳಿಗೆ ಗಟ್ಟಿ ಬಲೆ ಅನಿವಾರ್ಯ. ಬೆಕ್ಕು ಎತ್ತರದಿಂದ ಬಿದ್ದರೂ ಕಾಲೂರಿ ಇಳಿಯುತ್ತದೆ, ಏನೂ ಆಗದು ಎಂಬುದು ತಪ್ಪು ತಿಳಿವಳಿಕೆ. ಎದೆಯ ಪೆಟ್ಟು, ದವಡೆ ಮತ್ತು ಕಾಲಿನ ಮುರಿತ ಇಂಥ ಬೀಳುವಿಕೆಯಲ್ಲಿ ಸಾಮಾನ್ಯ.

ಬೆಕ್ಕು ಅಪ್ಪಟ ಮಾಂಸಾಹಾರಿ. ಟಾರಿನ್ ಎಂಬ ಅಮೈನೊ ಆಮ್ಲ ಅದಕ್ಕೆ ಮಾಂಸದಿಂದಲೇ ಸಿಗಬೇಕು. ಕೊರತೆಯಾದರೆ ಕುರುಡುತನ, ಹೃದ್ರೋಗ ಬರುತ್ತದೆ. ಹಾಲು–ಅನ್ನ ಅದಕ್ಕೆ ಪೂರ್ಣ ಊಟವಲ್ಲ. ಕರಾವಳಿಯ ಮನೆಗಳಲ್ಲಿ ಮೀನೇ ಬೆಕ್ಕಿನ ಊಟವೆಂಬ ರೂಢಿಯಿದೆ. ಹಲವು ಬಗೆಯ ಹಸಿ ಮೀನಿನಲ್ಲಿ ಥಯಾಮಿನ್ ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ಬೂತಾಯಿಯಂಥ ಎಣ್ಣೆಮೀನನ್ನೇ ದಿನವೂ ಕೊಟ್ಟರೆ ಇ ಜೀವಸತ್ವದ ಕೊರತೆಯಿಂದ ಮೈಕೊಬ್ಬು ಉರಿಯೂತಕ್ಕೆ ಒಳಗಾಗುತ್ತದೆ. ಮುಳ್ಳು ತೆಗೆದು, ಉಪ್ಪು–ಮಸಾಲೆಯಿಲ್ಲದೆ ಬೇಯಿಸಿದ ಮೀನನ್ನು ವಾರದಲ್ಲಿ ಕೆಲವು ದಿನ ಕೊಟ್ಟು, ಉಳಿದಂತೆ ಸಮತೋಲಿತ ಬೆಕ್ಕಿನ ಆಹಾರ, ಬೇಯಿಸಿದ ಕೋಳಿಮಾಂಸ ಕೊಡುವುದು ಒಳ್ಳೆಯದು.

ಮನುಷ್ಯರ ಆರೋಗ್ಯ

ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ತಡಮಾಡದೆ ವೈದ್ಯರನ್ನು ಕಾಣಬೇಕು. ರೇಬಿಸ್ ಬೆಕ್ಕಿನಿಂದಲೂ ಬರಬಲ್ಲದು. ಲಕ್ಷಣ ಕಾಣಿಸಿದ ಮೇಲೆ ಅದಕ್ಕೆ ಮದ್ದಿಲ್ಲ. ಕಚ್ಚಿಸಿಕೊಂಡವರು ನಗರದ ಪ್ರಮುಖ ಸರಕಾರಿ ಆಸ್ಪತ್ರೆಯಾದ ವೆನ್ಲಾಕ್‌ಗೆ ಹೋಗಬಹುದು. ಪಾಲನೆ ಮಾಡುವವರು ಮುಂಚಿತವಾಗಿಯೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳುವುದು ಜಾಣತನ.

ಗರ್ಭಿಣಿಯಿರುವ ಮನೆಯಿಂದ ಬೆಕ್ಕನ್ನು ಹೊರಹಾಕುವುದಕ್ಕೆ ಟಾಕ್ಸೊಪ್ಲಾಸ್ಮಾ ರೋಗಾಣುವಿನ ಭಯ ಕಾರಣ. ಬೆಕ್ಕಿನ ಮಲದಲ್ಲಿ ಬರುವ ಈ ರೋಗಾಣು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಮರಳಿನ ತಟ್ಟೆಯನ್ನು ಮನೆಯ ಬೇರೊಬ್ಬರು ದಿನವೂ ಸ್ವಚ್ಛ ಮಾಡಿದರೆ ಅಪಾಯ ತಪ್ಪುತ್ತದೆ. ಸರಿಯಾಗಿ ಬೇಯದ ಮಾಂಸ, ತೊಳೆಯದ ತರಕಾರಿಗಳಿಂದಲೂ ಇದೇ ಸೋಂಕು ತಗಲುತ್ತದೆ. ಬೆಕ್ಕನ್ನು ಬಿಟ್ಟುಬಿಡುವ ಅಗತ್ಯವಿಲ್ಲ.

ಕಾನೂನು

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಆದರೆ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ ಮಾತ್ರ. ಪ್ರಾಣಿಯನ್ನು ಕೊಲ್ಲುವುದು, ಅಂಗಹೀನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಅಡಿ ಐದು ವರ್ಷದವರೆಗಿನ ಸೆರೆವಾಸಕ್ಕೆ ಅರ್ಹ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಂತೆ ವಸತಿ ಸಮುಚ್ಚಯದ ಸಂಘಗಳು ಬಹುಮತದ ನಿರ್ಣಯದಿಂದಲೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ. ಇದೇ ಮಂಡಳಿ 2022ರಲ್ಲಿ ಸಮುದಾಯದ ಪ್ರಾಣಿಗಳ ದತ್ತಿಗೆ ಮಾದರಿ ಕ್ರಮವನ್ನು ಪ್ರಕಟಿಸಿದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಮುಖ್ಯವಾಗಿ ನಾಯಿಗಳನ್ನು ಕುರಿತವಾದ್ದರಿಂದ ಬೀದಿಬೆಕ್ಕುಗಳ ಶಸ್ತ್ರಚಿಕಿತ್ಸೆಯ ಹೊರೆ ಬಹುಪಾಲು ಸಂಸ್ಥೆಗಳ ಮತ್ತು ವ್ಯಕ್ತಿಗಳ ಮೇಲೇ ಬಿದ್ದಿದೆ.

ಪ್ರತಿ ದತ್ತಿನಿಂದ ಪಾಲನೆಯ ಮನೆಯಲ್ಲಿ ಇನ್ನೊಂದು ಮರಿಗೆ ಜಾಗವಾಗುತ್ತದೆ. ಪ್ರತಿ ಶಸ್ತ್ರಚಿಕಿತ್ಸೆಯಿಂದ ಮುಂದಿನ ಹಲವು ಸೂಲುಗಳು ತಪ್ಪುತ್ತವೆ. ಮರಿಯನ್ನು ಒಯ್ಯುವ ಕುಟುಂಬ ಅದರ ಲಸಿಕೆ, ಸಂತಾನಹರಣ ಮತ್ತು ಮುಪ್ಪಿನವರೆಗಿನ ಹೊಣೆಯನ್ನು ಹೊತ್ತಾಗ, ಮರಿ ಸಿಕ್ಕ ಓಣಿಯವರು ತಾಯಿ ಬೆಕ್ಕಿಗೂ ಶಸ್ತ್ರಚಿಕಿತ್ಸೆ ಮಾಡಿಸಿದಾಗ ಮಾತ್ರ ದತ್ತಿನ ಕೆಲಸ ಪೂರ್ಣವಾಗುತ್ತದೆ.